ಬೀಚಿನ ಅಕ್ಕ, ಚಾಳಿನ ನೀರು

ಅಕ್ಕ ಯಾರ ಎದುರಿಗೂ ನಿಂತು ಮಾತಾಡಿದ್ದನ್ನು ನಾನು ನೋಡಿಲ್ಲ. ಅವರದೇನಿದ್ದರೂ ಪಕ್ಕದಲ್ಲಿ ನಡೆಯುತ್ತ ಆಡುವ ಮಾತು. ಗೋವಾದ ಬೋಗಮಾಳೊ ಬೀಚಿನಲ್ಲಿ ಮಣಿಸರ, ಗೆಜ್ಜೆ, ಕನ್ನಡಿ ಹೊಲಿದ ಚೀಲ ಮಾರುತ್ತಿದ್ದ ಹೆಂಗಸಿಗೆ ಕಸುಬು ಕಲಿಸಿದ ರೀತಿ ಅದು.

"ಎದುರಿಗೆ ನಿಂತ್ರ ಮಂದಿ ನಾಕಾ ಅಂತಾರ, ದಾಟಿ ಹೋಗ್ತಾರ. ಬಾಜೂಕ ನಡದ್ರ ಏನ್ ಅಂದಾರು? ಹಾದಿ ಇಬ್ಬರದೂ ಐತಲ್ಲ," ಎನ್ನುತ್ತಿದ್ದರು.

ನಾಕಾ ಎಂದರೆ ಕೊಂಕಣಿಯಲ್ಲಿ ಬೇಡ. ಬೆಳಗಿನಿಂದ ಸಂಜೆಯವರೆಗೆ ಆ ಶಬ್ದವನ್ನೇ ಕೇಳಿಸಿಕೊಂಡರೂ ಅವರಿಗೆ ಅದರ ಮೇಲೆ ಸಿಟ್ಟಿರಲಿಲ್ಲ. ಬೇಡ ಎಂದವರ ಜೊತೆಗೇ ಇನ್ನೊಂದಿಷ್ಟು ದೂರ ಹೋಗಿ, ಅವರ ಊರು ಕೇಳಿ, ಮಕ್ಕಳನ್ನು ಕೇಳಿ, ಬಿಸಿಲು ಭಾಳ ಐತಿ, ಟೊಪ್ಪಿಗಿ ಹಾಕ್ಕೋರಿ ಎಂದು ಹೇಳಿ ಬರುವವರು. ಕೊಂಕಣಿ, ಮರಾಠಿ, ಹಿಂದಿ ಸಲೀಸಾಗಿ ಬರುತ್ತಿದ್ದವು. ಪರದೇಶದವರ ಭಾಷೆಗಳಲ್ಲೂ ನಾಲ್ಕು ಮಾತು ಕಲಿತಿದ್ದರು. ಯಾವ ಭಾಷೆಯಾದರೂ ಕೊನೆಗೊಂದು 'ರೀ' ಸೇರುತ್ತಿತ್ತು. "ಹಲೋ ರೀ ಮೇಡಂ, ಲುಕ್ಕಿಂಗ್ ಫ್ರೀ ರೀ" ಎಂದು ಒಬ್ಬ ಬಿಳಿಯ ಅಜ್ಜಿಯ ಬೆನ್ನು ಹತ್ತಿದ್ದನ್ನು ನಾನೇ ನೋಡಿದ್ದೇನೆ. ಆ ಅಜ್ಜಿ ನಗುತ್ತ ಕಾಲಿಗೆ ಗೆಜ್ಜೆ ಕಟ್ಟಿಸಿಕೊಂಡು ಹೋದಳು.

ಅಕ್ಕ ಸಿಂದಗಿ ಕಡೆಯ ತಮ್ಮ ಹಳ್ಳಿಯಲ್ಲಿ ತೀರಿಕೊಂಡರು ಎಂದು ಹಳೆಯ ನೆರೆಯಾಕೆ ಕಳೆದ ತಿಂಗಳು ಫೋನ್ ಮಾಡಿದಳು. "ಅಂಥಾ ಜಡ್ಡೇನ್ ಇರಲಿಲ್ಲಂತ್ರಿ. ಉಂಡು ಮಲಗಿದ್ರಂತ, ಏಳಲಿಲ್ಲಂತ." ಅವರ ಬಗ್ಗೆ ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಆಗಲೇ.

ಮದುವೆಯಾಗಿ ಗದಗಿನ ಕಡೆಯಿಂದ ನಾನು ಆ ಬೀಚಿಗೆ ಹತ್ತಿರದ ಝುವಾರಿನಗರಕ್ಕೆ ಬಂದಾಗ ನಮ್ಮದು ತಗಡಿನ ಮಾಡಿನ ಸಾಲುಮನೆಗಳ ಚಾಳಿನಲ್ಲಿ ಒಂದು ಮನೆ. ಗಂಡ ವೆರ್ಣಾದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಅತ್ತೆ ನಮ್ಮ ಜೊತೆಗಿದ್ದರು. ಸಾಲಿನ ಕಟ್ಟಕಡೆಯ ಕೋಣೆಯಲ್ಲಿ ಅಕ್ಕ. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮಗ ಮಡ್ಕಯಿಯ ಕಾರ್ಖಾನೆಯೊಂದರಲ್ಲಿದ್ದು, ರಜೆಯ ದಿನ ಬಂದು ಹೋಗುತ್ತಿದ್ದ.

ನಮ್ಮ ಸಾಲಿನ ರಚನೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಾಗಿಲುಗಳ ಮುಂದೆಯೇ ತೆರೆದ ಗಟಾರ. ಎಲ್ಲರಿಗೂ ಸೇರಿ ಒಂದೇ ನಲ್ಲಿ. ನಲ್ಲಿಯ ಬೆನ್ನಿಗೇ ಎಲ್ಲರೂ ಬಳಸುವ ಪಾಯಖಾನೆ, ಅದರ ಹೊಂಡ. ಮಳೆ ಹಿಡಿದರೆ ಹೊಂಡ ತುಂಬಿ ಗಟಾರಕ್ಕೆ ಬರುತ್ತಿತ್ತು. ನಲ್ಲಿಗೆ ನೀರು ತರುವ ಪೈಪು ಬಂದದ್ದೂ ಆ ಗಟಾರದೊಳಗಿನಿಂದಲೇ. ಪೈಪಿನ ಜಾಯಿಂಟುಗಳಿಗೆ ಯಾರೋ ಸೈಕಲ್ ಟ್ಯೂಬು ಸುತ್ತಿದ್ದರು. ನೀರು ಬಿಡದ ಹೊತ್ತಿನಲ್ಲಿ ಬರಿದಾದ ಪೈಪು ಗಟಾರದ್ದನ್ನೇ ಒಳಗೆ ಎಳೆದುಕೊಳ್ಳುತ್ತದೆ ಎಂಬುದು ನಮಗೆ ಆಮೇಲೆ ತಿಳಿದದ್ದು. ನಲ್ಲಿ ಬಂದ ಕೂಡಲೇ ಮೊದಲ ಕೊಡ ಸ್ವಲ್ಪ ಕೆಂಪಗಿರುತ್ತಿತ್ತು, ಎಲ್ಲರೂ ಅದನ್ನು ತುಕ್ಕು ಎನ್ನುತ್ತಿದ್ದರು.

ನಡೆಯಲು ಬರುವ ಮಕ್ಕಳು ಕಕ್ಕಸಿಗೆ ಗಟಾರದ ಅಂಚಿನಲ್ಲಿ ಕೂರುತ್ತಿದ್ದವು. ಕೂಸುಗಳದ್ದನ್ನು ತಾಯಂದಿರು ಬಟ್ಟೆಯಿಂದ ಝಾಡಿಸಿ ಅಲ್ಲಿಗೇ ಹಾಕುತ್ತಿದ್ದರು. "ಹಾಲು ಕುಡ್ಯೋ ಕೂಸಿಂದು ಹೊಲಸೇನ್ರಿ?" ಎಂದು ಕೇಳಿದರೆ ಹೌದು ಎನ್ನುವವರು ಯಾರೂ ಇರಲಿಲ್ಲ. ಪ್ರತಿ ವರ್ಷ ಮೊದಲ ಮಳೆ ಬಿದ್ದ ಕೂಡಲೇ ಸಾಲಿನಲ್ಲಿ ಒಂದಲ್ಲ ಒಂದು ಮಗುವಿಗೆ ವಾಂತಿ, ಭೇದಿ. ಮಳೆಯ ಜೊತೆ ಬರುವುದು ಎಂದೇ ಅದನ್ನು ಎಲ್ಲರೂ ತಿಳಿದಿದ್ದರು.

ಅಕ್ಕ ಇದನ್ನೆಲ್ಲ ತಿಳಿದವರೇನಲ್ಲ. ಹಲ್ಲು ಬರುವಾಗ ಕೂಸಿಗೆ ಭೇದಿ ಆಗೇ ಆಗುತ್ತದೆ ಎಂದು ಖಡಾಖಂಡಿತ ಹೇಳುತ್ತಿದ್ದರು. ನನ್ನ ಮಗಳು ಹುಟ್ಟಿದಾಗ ಕಪ್ಪು ದಾರದಲ್ಲಿ ಕವಡೆ ಪೋಣಿಸಿ ತಂದು ಕಟ್ಟಿದವರು ಅವರೇ. ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜಿ ಅದೇ ಗಟಾರಕ್ಕೆ ಉಗುಳುತ್ತಿದ್ದರು. ಆ ಅಭ್ಯಾಸ ಕೊನೆಯವರೆಗೂ ಬಿಡಲಿಲ್ಲ. ಮುಂದೊಮ್ಮೆ ನಾನು ಆಕ್ಷೇಪಿಸಿದಾಗ, "ಇಷ್ಟ ಒಂದ್ ಬಿಡವ್ವ ನನಗ," ಎಂದು ಬಾಯಿ ಒರೆಸಿಕೊಂಡು ನಕ್ಕರು.

ಮಗಳು ಅಂಬೆಗಾಲಿಡುತ್ತಿದ್ದ ವರ್ಷ. ಮಳೆ ಶುರುವಾಗಿ ಬೀಚು ಖಾಲಿಯಾಗಿತ್ತು. ಅಕ್ಕ ತಮ್ಮ ಬಾಗಿಲಲ್ಲಿ ಕೂತು ಮುಂದಿನ ಸೀಸನ್ನಿಗೆ ಮಣಿ ಪೋಣಿಸುತ್ತಿದ್ದರು. ಹಿಂದಿನ ದಿನದಿಂದ ಮಗಳಿಗೆ ನೀರಿನಂತೆ ಭೇದಿ. ಗಂಡ ಡ್ಯೂಟಿಗೆ ಹೋಗಿದ್ದರು. "ಹೊಟ್ಟಿ ಖಾಲಿ ಇಡು, ನೀರು ಹಾಲು ಏನೂ ಬ್ಯಾಡ, ಒಳಗ ಹೋದಷ್ಟು ಹೊರಗ ಬರ್ತೈತಿ," ಎಂದು ಅತ್ತೆ ಹೇಳಿದ್ದರು. ಅವರ ಮಾತಿನಲ್ಲಿ ಕೇಡೇನೂ ಇರಲಿಲ್ಲ. ಅವರಿಗೆ ಅವರ ಅತ್ತೆ ಹೇಳಿದ್ದೂ ಅದೇ. ಮಧ್ಯಾಹ್ನದ ಹೊತ್ತಿಗೆ ಮಗಳು ಅಳುತ್ತಿದ್ದಳು, ಆದರೆ ದನಿ ಸಣ್ಣಗಾಗಿತ್ತು.

ಅಕ್ಕ ಮಣಿಯ ತಟ್ಟೆ ಬಿಟ್ಟು ಎದ್ದು ಬಂದರು. ಕೂಸನ್ನು ನನ್ನ ಮಡಿಲಿಂದ ಎತ್ತಿಕೊಂಡು ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಳಾಕತ್ತೈತಿ. ಕಣ್ಣೀರ್ ಎಲ್ಲೈತಿ?"

ನಾನು ಅದನ್ನು ಗಮನಿಸಿರಲಿಲ್ಲ. ಮಗಳ ಕಣ್ಣು ಒಣಗಿತ್ತು.

"ನೀರ್ ಕುದಿಸು. ಆರಿಸಿ ಚಮಚಾ ತಗೊಂಬಾ," ಎಂದರು.

"ಬ್ಯಾಡವಾ, ಇನ್ನ ಹೆಚ್ಚಾಕ್ಕೈತಿ," ಎಂದು ಅತ್ತೆ ತಡೆದರು.

ಅಕ್ಕ ಜಗಳವಾಡಲಿಲ್ಲ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಕಾಲು ಸವರುತ್ತ ಹೇಳಿದರು. "ನನ್ನ ಹಿರೇಮಗಳಿಗೂ ಹಿಂಗ ಆಗಿತ್ರಿ. ಊರಾಗ. ನೀರ್ ಕೊಡಬ್ಯಾಡ ಅಂದ್ರು, ಕೊಡಲಿಲ್ಲ. ಆಕಿ ನೀರು, ನೀರು ಅಂತಿದ್ಲು. ಆಕಿಗೆ ಮಾತು ಅಷ್ಟ ಬರ್ತಿದ್ವು. ಅವ್ವಾ ಅನ್ನೂದು, ನೀರು ಅನ್ನೂದು. ಕೊಡ ಅಲ್ಲೇ ಮೂಲ್ಯಾಗಿತ್ತು, ತುಂಬಿತ್ತು."

ಅತ್ತೆ ಎದ್ದು ತಾವೇ ಒಲೆ ಹಚ್ಚಿದರು. ನೀರು ಕುದಿಸಿ, ಎರಡು ಪಾತ್ರೆಗಳಲ್ಲಿ ಹುಯ್ದು ಹುಯ್ದು ಆರಿಸಿ, ಚಮಚೆಯ ಜೊತೆ ತಂದು ಅಕ್ಕನ ಪಕ್ಕ ಇಟ್ಟರು. ಅಕ್ಕ ಒಂದೊಂದೇ ಚಮಚೆ ತುಟಿಗೆ ಹಿಡಿದರು. ಮಗಳು ಮೊದಲಿನದನ್ನು ಕಕ್ಕಿದಳು, ಆಮೇಲಿನದನ್ನು ನುಂಗಿದಳು. ಹೀಗೆ ಕುಡಿಸುತ್ತಲೇ ರಿಕ್ಷಾ ಮಾಡಿಕೊಂಡು ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ಅಕ್ಕನ ಕೈಯಲ್ಲಿ ಲೋಟವಿತ್ತು. ಗುಂಡಿಗಳಲ್ಲಿ ರಿಕ್ಷಾ ಹಾರಿದಾಗೆಲ್ಲ ಅದರ ಮೇಲೆ ಅಂಗೈ ಮುಚ್ಚುತ್ತಿದ್ದರು.

ಅಲ್ಲಿನ ಡಾಕ್ಟರಮ್ಮ ಸಮಾಧಾನದವಳು. ಉಪ್ಪು-ಸಕ್ಕರೆಯ ಪುಡಿಯ ಪೊಟ್ಟಣ ಕಲಸುವುದನ್ನು ತೋರಿಸಿದಳು, ಜಿಂಕ್ ಗುಳಿಗೆ ಕೊಟ್ಟಳು, ಎದೆಹಾಲು ನಿಲ್ಲಿಸಬೇಡ ಎಂದಳು. ಸಂಜೆಯ ಹೊತ್ತಿಗೆ ಮಗಳು ಉಚ್ಚೆ ಹೊಯ್ದು ಅಕ್ಕನ ಸೀರೆ ಒದ್ದೆಯಾಯಿತು. ಅಷ್ಟು ಖುಷಿಯಿಂದ ಸೀರೆ ಹಿಂಡಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

"ಇವಳಿಗೇನೋ ವಾಸಿಯಾಗುತ್ತದೆ. ಆದರೆ ನೀವು ಕುಡಿಯುವ ನೀರು ಎಲ್ಲಿಂದ ಬರುತ್ತದೆ?" ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದಳು. ನಾನು ಪೈಪಿನ ವಿಷಯ ಹೇಳಿದೆ. ಅವಳು ತಲೆಯಾಡಿಸಿದಳು. ಅಕ್ಕ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು.

ಚಾಳಿನ ಮಾಲೀಕರು ಗೋವಾದವರೇ. ಎಲ್ಲರೂ ಅವರನ್ನು ಭಾಟ್ಕಾರ ಎನ್ನುತ್ತಿದ್ದರು, ಎಂದರೆ ಜಮೀನಿನ ಒಡೆಯ. ಬೋಗಮಾಳೊ ಹತ್ತಿರ ಮನೆ. ದಿನಾ ಬೆಳಿಗ್ಗೆ ನಾಯಿಯನ್ನು ಹಿಡಿದು, ಮಳೆಯಾದರೆ ಕೊಡೆ ಬಿಚ್ಚಿ, ಊರ ರಸ್ತೆಯಲ್ಲಿ ವಾಕಿಂಗ್ ಮಾಡುತ್ತಿದ್ದರು. ಪಂಚಾಯ್ತಿಗೆ ಅರ್ಜಿ ಕೊಡುವ ಹಾಗಿರಲಿಲ್ಲ. ನಮ್ಮ ಸಾಲಿಗೆ ಸರಿಯಾದ ಕಾಗದಪತ್ರವೇ ಇರಲಿಲ್ಲ. ಪೈಪು ನೋಡಲು ಬಂದವರು ಗೋಡೆಗಳನ್ನೂ ನೋಡಿದರೆ ಕೆಡವಲು ಜೆಸಿಬಿ ಬರುತ್ತಿತ್ತು. ಉಳಿದದ್ದು ಭಾಟ್ಕಾರರೊಬ್ಬರೇ. ಅಕ್ಕ ಮರುವಾರದಿಂದ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಅವರ ಪಕ್ಕದಲ್ಲಿ ನಡೆಯತೊಡಗಿದರು.

"ಮಳಿಗಾಲದಾಗ ಬ್ಯಾರೆ ಗಿರಾಕಿ ಎಲ್ಲದಾರ? ಅವರ ಒಬ್ಬರು," ಎಂದು ನಗುತ್ತಿದ್ದರು.

ಮೊದಲ ದಿನಗಳಲ್ಲಿ ಪೈಪಿನ ಮಾತೇ ಎತ್ತಲಿಲ್ಲವಂತೆ. ಮಳೆ, ಮೀನು ಸಿಗದ್ದು, ನಾಯಿಯ ಕುಂಟುಕಾಲು, ಇಂಥವೇ. "ಹೋದ ಕೂಡ್ಲೇ ಚೀಲ ಬಿಚ್ಚಬಾರದು," ಎಂದು ನನಗೆ ವಿವರಿಸಿದರು. ಆಮೇಲೆ ಒಂದು ದಿನ ಗಟಾರದ ಮಾತು ತೆಗೆದರು. ಭಾಟ್ಕಾರರು, "ಫಾಲ್ಯಾಂ ಪಳೊವ್ಯಾಂ," ನಾಳೆ ನೋಡೋಣ, ಎಂದರು. ಮರುದಿನ ಅಕ್ಕ ಹಾಜರು. "ನಾಳೆ ಅಂದಿದ್ರಲ್ರಿ ಬಾಬ್, ನಾಳೆ ಬಂತು ನೋಡ್ರಿ." ಅವರು ವಾಕಿಂಗ್ ಸಂಜೆಗೆ ಬದಲಿಸಿದರು. ಅಕ್ಕನೂ ಸಂಜೆ ಹೋದರು. ಅವರು ಬೇರೆ ರಸ್ತೆ ಹಿಡಿದರು. ಆ ರಸ್ತೆಯ ಹೂವಿನ ಗಿಡಗಳು ಚಲೋ ಅದಾವು ಎಂದು ಅಕ್ಕ ಬಂದು ನಮಗೆ ವರ್ಣಿಸಿದರು. ಕಡೆಗೊಮ್ಮೆ ಅವರು ರೇಗಿ, ಇನ್ನೊಂದು ಸಲ ಬಂದರೆ ಇಡೀ ಸಾಲನ್ನೇ ಖಾಲಿ ಮಾಡಿಸುತ್ತೇನೆ ಎಂದುಬಿಟ್ಟರು.

ಆ ಮಾತು ಹೇಗೋ ಚಾಳಿಗೆ ಅಕ್ಕನಿಗಿಂತ ಮೊದಲೇ ತಲುಪಿತು. ಗಂಡಸರೆಲ್ಲ ನಲ್ಲಿಯ ಹತ್ತಿರ ಸೇರಿದರು. ಮಾತು ಶುರು ಮಾಡಿದವರು ನನ್ನ ಗಂಡ.

"ಅಕ್ಕಾ, ಸಾಕ್ ಮಾಡ್ರಿ. ಹೊರಗ ಹಾಕಿದ್ರ ಹೆಂಡ್ರು ಮಕ್ಕಳನ್ನ ಕಟಗೊಂಡು ಎಲ್ಲಿ ಹೋಗೂದು?"

"ನಾ ಏನ್ ಮಾಡೇನಪ್ಪಾ? ಬೈದಿಲ್ಲ, ಕೈ ಮಾಡಿಲ್ಲ. ನಡದೇನಿ ಅಷ್ಟ."

"ಅದನ್ನ ಬಿಡ್ರಿ ಅಂತ ಹೇಳಾಕತ್ತೀವಿ."

ಅಕ್ಕ ಎಲ್ಲರ ಮುಖವನ್ನೂ ನೋಡಿದರು. ಆ ಮಂದಿ ಹೆದರಿದ್ದು ಸುಳ್ಳಲ್ಲ ಎಂದು ಅಕ್ಕನಿಗೆ ತಿಳಿದಿತ್ತು. "ಆತ್ರಿ," ಎಂದಷ್ಟೇ ಹೇಳಿ ಒಳಗೆ ಹೋದರು. ಮರುದಿನ ಬಸ್ಸಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಬಾಗಿಲಲ್ಲಿ ಕೂತು ಮಣಿ ಪೋಣಿಸುತ್ತಿದ್ದರು, ಆದರೆ ದಾರದ ತುದಿಗೆ ಗಂಟು ಹಾಕಲು ಮರೆತು ಪೋಣಿಸಿದ್ದೆಲ್ಲ ಮಡಿಲಿಗೆ ಸುರಿಯುತ್ತಿತ್ತು.

ಆ ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಸಾಲಿನ ನಡುವಿನ ಮನೆಯಲ್ಲಿದ್ದ, ಗೋಡೆ ಕಟ್ಟುವ ಗೌಂಡಿಯ ಚಿಕ್ಕ ಮಗನಿಗೆ ಭೇದಿ ಹತ್ತಿತು. ನಲ್ಲಿಯ ಹತ್ತಿರ ಸೇರಿದ ದಿನ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ಆ ಗೌಂಡಿ. ಮಗುವನ್ನು ದೊಡ್ಡ ಆಸ್ಪತ್ರೆಯಲ್ಲಿಟ್ಟು ಸಲಾಯಿನ್ ಹಾಕಿದರು. ಮೊದಲ ದಿನ ಉಳಿಯುವ ಭರವಸೆ ಕೊಡಲಿಲ್ಲ. ಉಳಿಯಿತು. ಮಗುವನ್ನು ಮನೆಗೆ ತಂದ ಮರುದಿನ ಬೆಳಿಗ್ಗೆ ಗೌಂಡಿ ಅಕ್ಕನ ಬಾಗಿಲಿಗೆ ಬಂದು ನಿಂತ. ಒಗೆದ ಅಂಗಿ ಹಾಕಿಕೊಂಡಿದ್ದ.

"ಹೋಗೂಣೇನ್ರಿ ಅಕ್ಕಾ? ನಾನೂ ಬರ್ತೇನಿ."

ಅಕ್ಕ ಕೊಡೆ ತೆಗೆದುಕೊಂಡರು. ಅಂದು ಇಬ್ಬರು ನಡೆದರು. ಆಮೇಲೆ ಗೌಂಡಿಯ ಹೆಂಡತಿ ಸೇರಿದಳು. ಒಂದು ದಿನ ನಾನೂ ಮಗಳನ್ನು ಎತ್ತಿಕೊಂಡು ಹೊರಟೆ. ಅತ್ತೆ ತಡೆಯಲಿಲ್ಲ. "ಕೂಸಿಗೆ ಟೊಪ್ಪಿಗಿ ಹಾಕು," ಎಂದರು. ನಾವು ಕೂಗಲಿಲ್ಲ, ಅಡ್ಡ ನಿಲ್ಲಲಿಲ್ಲ. ತೆಂಗಿನ ಸಾಲಿನ ಕೆಳಗೆ ಜಿನುಗುವ ಮಳೆಯಲ್ಲಿ ಭಾಟ್ಕಾರರು, ನಾಯಿ, ಪಕ್ಕದಲ್ಲಿ ಅಕ್ಕ, ಹಿಂದೆ ನಾವು. ಅಕ್ಕ ಅಂದು ನನ್ನ ಮಗಳ ಬಗ್ಗೆ ಹೇಳುತ್ತಿದ್ದರು. ಹೆಂಗ ಅಂಬೆಗಾಲಿಡತಾಳ, ಯಾವ ಹಲ್ಲು ಬಂದೈತಿ, ಇಷ್ಟೇ. ಗೌಂಡಿಯ ಮಗ ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದ. ಕೈಗೆ ಸೂಜಿ ಚುಚ್ಚಿದ ಜಾಗದಲ್ಲಿ ಇನ್ನೂ ನೀಲಿಯಿತ್ತು.

ರಸ್ತೆ ಬದಿಯ ಶಿಲುಬೆಯ ಹತ್ತಿರ ಭಾಟ್ಕಾರರು ನಿಂತರು. ಆ ಹುಡುಗನ ಕೈಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ವಯಸ್ಸಾದವರು, ಉಸಿರು ಹತ್ತಿತ್ತು.

"ಇವತ್ತು ಬರುತ್ತೇನೆ," ಎಂದರು ಕೊಂಕಣಿಯಲ್ಲಿ. ನಾಳೆ ಎನ್ನಲಿಲ್ಲ.

ಹೇಳಿದಂತೆ ಮಧ್ಯಾಹ್ನ ಬಂದರು, ಒಬ್ಬ ಪ್ಲಂಬರನ್ನೂ ಕರೆತಂದರು. ಪ್ಯಾಂಟು ಮಡಚಿಕೊಂಡು ಗಟಾರದುದ್ದಕ್ಕೂ ನಡೆದರು. ಸೈಕಲ್ ಟ್ಯೂಬು ಬಿಚ್ಚಿಸಿ ನೋಡಿದರು. ಪೈಪನ್ನು ಗಟಾರದಿಂದೆತ್ತಿ ಗೋಡೆಯ ಮೇಲೆ ತರಬಹುದು, ಗಟಾರಕ್ಕೆ ಚಪ್ಪಡಿ ಹಾಕಬಹುದು ಎಂದ ಪ್ಲಂಬರ್. ಆದರೆ ಹೊಂಡ ನಲ್ಲಿಯ ಪಕ್ಕದಲ್ಲೇ ಇದ್ದರೆ ಏನು ಮಾಡಿಯೂ ಉಪಯೋಗವಿಲ್ಲ, ಪಾಯಖಾನೆಯ ಸಮೇತ ಅದನ್ನು ಸಾಲಿನ ಆ ತುದಿಗೆ, ಇಳಿಜಾರಿನ ಕೆಳಕ್ಕೆ ಒಯ್ಯಬೇಕು.

ಭಾಟ್ಕಾರರು ಆ ತುದಿಯನ್ನು ನೋಡಿದರು. "ಜಾಗೊ ಖಂಯ್ ಆಸಾ?" ಎಂದರು. ಜಾಗ ಎಲ್ಲಿದೆ?

ಇರಲಿಲ್ಲ. ಆ ತುದಿಯ ಆಚೆಗೆ ಬೇರೆಯವರ ಗೋಡೆ. ತುದಿಯಲ್ಲಿದ್ದದ್ದು ಅಕ್ಕನ ಕೋಣೆ. ಅದು ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಎಲ್ಲರೂ ಬೇರೆ ಕಡೆ ನೋಡತೊಡಗಿದೆವು. ಭಾಟ್ಕಾರರೂ ಅಷ್ಟೇ.

ಅಕ್ಕ ತಮ್ಮ ಬಾಗಿಲನ್ನು ತಿರುಗಿ ನೋಡಿದರು. "ಇಲ್ಲೈತಲ್ರಿ," ಎಂದರು.

ಮಗ ಮಡ್ಕಯಿಯಿಂದ ಬಂದವನು ಕೂಗಾಡಿದ. "ನಿನಗೇನ್ ಹುಚ್ಚ ಹಿಡದೈತೇನ ಅವ್ವಾ? ಮಂದಿ ಕಕ್ಕಸಕ್ಕ ನಮ್ಮ ಮನಿ ಬಿಡೂದಾ?"

ಅಕ್ಕ ಅವನಿಗೆ ರೊಟ್ಟಿ ಬಡಿಸುತ್ತ, "ಉಣ್ಣು ಮೊದಲ," ಎಂದರು. ಅವನು ಉಣ್ಣಲಿಲ್ಲ. ಗೋಡೆಯ ಕಡೆ ತಿರುಗಿ ಕೂತ. ಅವನು ಹುಟ್ಟುವ ಮೊದಲೇ ತೀರಿಹೋದ ಹಿರಿಯ ಮಗಳ ಬಗ್ಗೆ ಅವನಿಗೆ ಅಂದು ಹೇಳಿದರೋ, ಮೊದಲೇ ತಿಳಿದಿತ್ತೋ ನನಗೆ ಗೊತ್ತಿಲ್ಲ. ಮುಂದಿನ ರಜೆಗೆ ಬಂದಾಗ ಅವನೇ ಸಾಮಾನು ಹೊತ್ತ. ಗುಡ್ಡದ ಮೇಲಿನ ಇನ್ನೊಂದು ಸಾಲಿನಲ್ಲಿ ಅಕ್ಕನಿಗೆ ಕೋಣೆ ಸಿಕ್ಕಿತು, ಇದಕ್ಕಿಂತ ಚಿಕ್ಕದು. ನೀರು ಕೆಳಗಿನಿಂದ ಹೊರಬೇಕು. ಅವರಿದ್ದ ಕೋಣೆಯನ್ನು ಕೆಡವಿದ ದಿನ ಗೌಂಡಿ ತಾನೇ ಮೊದಲ ಇಟ್ಟಿಗೆ ತೆಗೆದ. ಉಳಿದವನ್ನು ಕೈಯಾಳುಗಳಿಗೆ ಬಿಟ್ಟು ಹೊರಗೆ ಹೋಗಿ ಬೀಡಿ ಸೇದುತ್ತ ನಿಂತ.

ಗುಡ್ಡ ಹತ್ತಿದ ಮೇಲೂ ಅಕ್ಕ ನಮ್ಮ ಸಾಲನ್ನು ಬಿಡಲಿಲ್ಲ. ಕೂಸಿನ ಬಟ್ಟೆ ಹಿಡಿದು ಗಟಾರದ ಕಡೆ ಹೊರಟ ತಾಯಂದಿರ ಬಾಜೂಕ ಅವರು ಹೇಗೋ ಪ್ರತ್ಯಕ್ಷರಾಗುತ್ತಿದ್ದರು. ಹೊಲಸು ಎಂದು ವಾದಿಸುತ್ತಿರಲಿಲ್ಲ. "ಕೂಸಿಂದು ಹೊಲಸಲ್ಲ, ಆತು. ನಡೀರಿ, ಅಲ್ಲೇ ಹಾಕಿ ಬರೂಣು, ನಾನೂ ಅತ್ತಾಗ ಹೊಂಟೇನಿ," ಎಂದು ಪಾಯಖಾನೆಯವರೆಗೆ ಜೊತೆಗೆ ಹೋಗುತ್ತಿದ್ದರು. ಮಕ್ಕಳ ಮಣಿಕಟ್ಟಿಗೆ ಮಾರಾಟವಾಗದ ಮಣಿಗಳ ಎಳೆ ಕಟ್ಟಿ, ಉಣ್ಣುವ ಮೊದಲು ಮಣಿ ತೋಯುವವರೆಗೆ ಕೈ ತೊಳೆಯಬೇಕು ಎಂದು ಕಟ್ಟಳೆ ಮಾಡಿದರು. ಮಕ್ಕಳು ಬರೀ ಮಣಿಯನ್ನಷ್ಟೇ ತೋಯಿಸಿ ತಂದು ತೋರಿಸುತ್ತಿದ್ದವು. ಅಕ್ಕ ಬೆರಳು ಮೂಸಿ ನೋಡಿ, ಸಾಬೂನಿನ ವಾಸನೆ ಇಲ್ಲದಿದ್ದರೆ ವಾಪಸ್ ಅಟ್ಟುತ್ತಿದ್ದರು.

ಮರುವರ್ಷದ ಮೊದಲ ಮಳೆ ನನಗೆ ಚೆನ್ನಾಗಿ ನೆನಪಿದೆ. ಮೋಡ ಕವಿದಾಗಿನಿಂದ ನಮ್ಮೆಲ್ಲರಿಗೂ ಒಳಗೊಳಗೆ ಅಳುಕು. ಮಳೆ ಹಿಡಿಯಿತು, ಬಿಡದೆ ಸುರಿಯಿತು. ಚಪ್ಪಡಿಯ ಕೆಳಗೆ ನೀರು ಸದ್ದು ಮಾಡುತ್ತ ಹೋಗುತ್ತಿತ್ತು, ಮೇಲೆ ಬರಲಿಲ್ಲ. ಒಂದು ಮಗುವಿಗೆ ಭೇದಿಯಾಯಿತು. ತಾಯಿ ಕೂಡಲೇ ಪೊಟ್ಟಣದ ಪುಡಿ ಕಲಸಿ ಕುಡಿಸಿದಳು, ಎದೆಗೆ ಹಾಕಿಕೊಂಡಳು, ಮಗು ಎರಡು ದಿನಕ್ಕೆ ಚೇತರಿಸಿಕೊಂಡಿತು. ಬೇರೆ ಯಾವ ಮಗುವೂ ಹಾಸಿಗೆ ಹಿಡಿಯಲಿಲ್ಲ.

ಅಂಥ ಒಂದು ಬೆಳಿಗ್ಗೆ ಅಕ್ಕ ಪ್ಲಾಸ್ಟಿಕ್ ಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಂಡು ಗುಡ್ಡ ಇಳಿದು ಬಂದರು. ಸಾಲಿನ ಈ ತುದಿಯಿಂದ ಶುರು ಮಾಡಿ ಪ್ರತಿ ಬಾಗಿಲಲ್ಲೂ ಕೇಳಿದರು.

"ಹುಡುಗರ ಹೊಟ್ಟಿ ಹೆಂಗದಾವ್ರಿ?"

"ಚಲೋ ಅದಾವ್ರಿ ಅಕ್ಕಾ."

"ನಿಮ್ಮದ್ರಿ?"

"ಚಲೋ ಐತ್ರಿ. ಒಳಗ ಬರ್ರಿ, ಚಾ ಕುಡೀರಿ."

"ತಡೀರಿ, ಬಂದೆ."

ಹೀಗೆ ಕೇಳುತ್ತ ಕೇಳುತ್ತ ಆ ತುದಿಯವರೆಗೆ ಹೋದರು. ನಾನು ನಮ್ಮ ಬಾಗಿಲಿಂದ ನೋಡುತ್ತಿದ್ದೆ. ಅವರ ಅಡುಗೆ ಒಲೆ ಇದ್ದಲ್ಲಿ, ಹಾಸಿಗೆ ಹಾಸುತ್ತಿದ್ದಲ್ಲಿ ಈಗ ಪಾಯಖಾನೆಯ ಹಸಿರು ಬಣ್ಣದ ಎರಡು ತಗಡಿನ ಬಾಗಿಲುಗಳಿದ್ದವು. ಎರಡೂ ಮುಚ್ಚಿದ್ದವು. ಅಕ್ಕ ಕೊಪ್ಪೆಯನ್ನು ಸರಿಪಡಿಸಿಕೊಂಡರು. ಗೌಂಡಿಯ ಮಗ ಚಡ್ಡಿ ಹಿಡಿದುಕೊಂಡು ಹೊರಗೆ ಕುಣಿಯುತ್ತಿದ್ದ.

"ಅಕ್ಕಾ, ನಂದು ಪಾಳಿ, ನಾ ಮೊದಲ ಬಂದೇನಿ," ಎಂದ.

"ಹೌದಪ್ಪಾ, ನಿಂದ ಪಾಳಿ," ಎಂದು ಅಕ್ಕ ಅವನ ಹಿಂದೆ ನಿಂತುಕೊಂಡರು.